ಥಿನ್ನರ್ ಡಬ್ಬದ ಮುಚ್ಚಳ ತೆಗೆಯುವ ಮುಂಚೆ

ನಮ್ಮ ಶೆಡ್ಡಿನಲ್ಲಿ ಬೆಂಕಿ ಹತ್ತಿದ್ದು ಥಿನ್ನರ್ ಡಬ್ಬದಿಂದ ಹದಿನೈದು ಅಡಿ ದೂರದಲ್ಲಿ. ಥಿನ್ನರ್ ಅಂದರೆ ಪೇಂಟು, ಪಾಲಿಶ್ ತೆಳ್ಳಗೆ ಮಾಡಲು ಬೆರೆಸುವ ದ್ರವ. ಆಯುಧಪೂಜೆಯ ಹಿಂದಿನ ದಿನ. ವರ್ಷವಿಡೀ ನೆಲಕ್ಕೆ ಅಂಟಿಕೊಂಡಿದ್ದ ಸೀಲರ್, ಪಾಲಿಶ್ ಕಲೆಗಳನ್ನೆಲ್ಲ ತೆಗೆಯೋಣ ಅಂತ ಹುಡುಗರು ನೆಲಕ್ಕೇ ಥಿನ್ನರ್ ಸುರಿದು ಬನಿಯನ್ ವೇಸ್ಟಿನಲ್ಲಿ ಉಜ್ಜುತ್ತಿದ್ದರು. ಬಾಗಿಲ ಹತ್ತಿರ ದೇವರ ಫೋಟೋ, ಅದರ ಮುಂದೆ ನೆಲದ ಮೇಲೆ ಒಂದು ದೀಪ. ಅಷ್ಟು ದೂರ ಇದೆಯಲ್ಲ, ಏನಾಗುತ್ತೆ ಅಂತ ನಾನೂ ಸುಮ್ಮನಿದ್ದೆ. ಭುಸ್ ಅಂತ ಒಂದು ಸದ್ದು ಬಂತು. ಬೆಂಕಿ ದೀಪದ ಕಡೆಯಿಂದ ಹೊರಟು, ನೆಲದ ಮೇಲೇ ನೀರು ಹರಿದ ಹಾಗೆ ಓಡಿ, ಹುಡುಗರು ಉಜ್ಜುತ್ತಿದ್ದ ಜಾಗಕ್ಕೆ ಬಂತು. ಒಬ್ಬನ ಕಾಲಿನ ಕೂದಲು ಸುಟ್ಟಿತು, ಪಾದ ಸ್ವಲ್ಪ ಬೆಂದಿತು. ಡಬ್ಬಕ್ಕೆ ಮುಚ್ಚಳ ಹಾಕಿತ್ತು, ಅದೊಂದೇ ನಮ್ಮ ಪುಣ್ಯ.

ಗೋಡೆಯ ಮೇಲೆ ಆಗಲೇ ದೊಡ್ಡದಾಗಿ ಬರೆಸಿದ್ದೆ, ಡಬ್ಬದ ಹತ್ತಿರ ಬೀಡಿ ಸೇದಬೇಡಿ ಅಂತ. ಬರೆಸಿದ್ದು ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ಉರಿಯೋದು ಡಬ್ಬದಲ್ಲಿರುವ ನೀರಿನಂಥ ಥಿನ್ನರ್ ಅಲ್ಲ. ಅದರಿಂದ ಏಳುವ ಆವಿ ಉರಿಯೋದು. ಆ ಆವಿ ಕಣ್ಣಿಗೆ ಕಾಣೋದಿಲ್ಲ, ಡಬ್ಬದ ಹತ್ತಿರವೇ ಇರೋದೂ ಇಲ್ಲ. ಇದೊಂದು ತಲೆಗೆ ಹೋದರೆ ಮುಂದೆ ಹೇಳುವುದೆಲ್ಲ ತಾನಾಗಿ ಅರ್ಥವಾಗುತ್ತದೆ.

ಇದನ್ನು ಬರೆಯುತ್ತಿರುವುದು ದೊಡ್ಡ ಫ್ಯಾಕ್ಟರಿಯವರಿಗಲ್ಲ. ಅಲ್ಲಿ ಸೇಫ್ಟಿ ಆಫೀಸರ್ ಇರುತ್ತಾರೆ, ನೋಡಿಕೊಳ್ಳುತ್ತಾರೆ. ಪೀಣ್ಯ, ಕಾಮಾಕ್ಷಿಪಾಳ್ಯದ ಕಡೆ ನಾಲ್ಕು ಜನ ಸೇರಿ ನಡೆಸುವ ಫರ್ನಿಚರ್ ಪಾಲಿಶ್ ಶೆಡ್ಡು, ಕಾರಿನ ಡೆಂಟಿಂಗ್ ಪೇಂಟಿಂಗ್ ಗ್ಯಾರೇಜು, ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ, ಚಪ್ಪಲಿಗೆ ಸಲ್ಯೂಷನ್ ಹಚ್ಚುವ ಜಾಗ, ಇಂಥವರಿಗೆ. ಮನೆಯಲ್ಲೇ ಬಾಗಿಲಿಗೆ ಪಾಲಿಶ್ ಮಾಡಿಸುತ್ತಿರುವವರೂ ಓದಬಹುದು, ಯಾಕಂದರೆ ಆ ಒಂದು ವಾರ ನಿಮ್ಮ ಹಾಲ್ ಕೂಡ ಪಾಲಿಶ್ ಶೆಡ್ಡೇ.

ಡಬ್ಬದಲ್ಲಿ ಇರೋದು ಏನು

ಥಿನ್ನರ್ ಅನ್ನುವುದು ಒಂದು ವಸ್ತುವಿನ ಹೆಸರಲ್ಲ, ಮಿಶ್ರಣ. ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್‌ಗೆ ಬೆರೆಸುವ ಥಿನ್ನರ್‌ನಲ್ಲಿ ಸಾಮಾನ್ಯವಾಗಿ ಟೊಲ್ಯೂಯೀನ್ ಅನ್ನುವ ದ್ರವ ಇರುತ್ತದೆ, ಜೊತೆಗೆ ಅಸಿಟೋನ್, ಎಸ್ಟರ್‌ಗಳು, ಆಲ್ಕೋಹಾಲ್. ಕಂಪನಿ ಬದಲಾದರೆ ಪ್ರಮಾಣ ಬದಲಾಗುತ್ತದೆ. ಲೂಸ್ ಆಗಿ ಕ್ಯಾನಿನಲ್ಲಿ ಸಿಗುವ ಕಡಿಮೆ ರೇಟಿನ ಥಿನ್ನರ್‌ನಲ್ಲಿ ಏನು ಬೆರೆಸಿದ್ದಾರೆ ಅಂತ ಮಾರುವವನಿಗೂ ಗೊತ್ತಿರೋದಿಲ್ಲ. ಮೆಥನಾಲ್ ಇದ್ದರೂ ಇರಬಹುದು. ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಕುಡಿದರೆ ಕಣ್ಣೇ ಹೋಗುತ್ತದೆ, ಜೀವವೂ ಹೋಗುತ್ತದೆ. ಹಾಗಾಗಿ ನನ್ನ ಮೊದಲ ಮಾತು, ಲೇಬಲ್ ಇಲ್ಲದ ಥಿನ್ನರ್ ತರಲೇಬೇಡಿ. ಲೀಟರಿಗೆ ಇಪ್ಪತ್ತು ಮೂವತ್ತು ರೂಪಾಯಿ ಉಳಿಸಲು ಹೋಗಿ ಕೈಯಲ್ಲಿ ಏನಿದೆ ಅಂತಲೇ ಗೊತ್ತಿಲ್ಲದೆ ಕೆಲಸ ಮಾಡೋದು ಬೇಡ. ಕಂಪನಿ ಮಾಲು ತೆಗೆದುಕೊಂಡಾಗ ಡೀಲರ್ ಹತ್ತಿರ ಎಸ್‌ಡಿಎಸ್ ಕೊಡಿ ಅಂತ ಕೇಳಿ. ಸೇಫ್ಟಿ ಡೇಟಾ ಶೀಟ್ ಅಂತ ಅದಕ್ಕೆ. ಅದರಲ್ಲಿ ಮೂರನೇ ಭಾಗದಲ್ಲಿ ಏನೇನು ಬೆರೆತಿದೆ, ಒಂಬತ್ತನೇ ಭಾಗದಲ್ಲಿ ಎಷ್ಟು ಡಿಗ್ರಿಗೆ ಬೆಂಕಿ ಹಿಡಿಯುತ್ತದೆ ಅಂತ ಇರುತ್ತದೆ. ಇಂಗ್ಲಿಷಿನಲ್ಲಿರುತ್ತದೆ, ಒಂದೇ ಸಲ ಯಾರ ಹತ್ತಿರವಾದರೂ ಓದಿಸಿಕೊಳ್ಳಿ.

ಅದರಲ್ಲಿ ನೋಡಬೇಕಾದ್ದು ಫ್ಲ್ಯಾಶ್ ಪಾಯಿಂಟ್. ಎಷ್ಟು ಡಿಗ್ರಿ ಬಿಸಿ ಇದ್ದರೆ ಒಂದು ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಏಳುತ್ತದೆ ಅನ್ನುವ ಲೆಕ್ಕ ಅದು. ಸೀಮೆಎಣ್ಣೆಗೆ ಇದು ಸುಮಾರು 38 ಡಿಗ್ರಿಗಿಂತ ಮೇಲೆ. ಅದಕ್ಕೇ ತಣ್ಣಗಿರುವ ಸೀಮೆಎಣ್ಣೆಗೆ ಬೆಂಕಿಕಡ್ಡಿ ತಾಕಿಸಿದರೂ ಒಮ್ಮೊಮ್ಮೆ ಬೇಗ ಹತ್ತೋದಿಲ್ಲ, ಬತ್ತಿ ಬೇಕಾಗುತ್ತದೆ. ಟೊಲ್ಯೂಯೀನ್‌ಗೆ 4 ಡಿಗ್ರಿ. ಅಸಿಟೋನ್‌ಗೆ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿಯಲ್ಲಿ. ಅವತ್ತಿನ ಚಳಿಯಲ್ಲಿ ಯಾರಾದರೂ ಟೊಲ್ಯೂಯೀನ್ ಡಬ್ಬ ತೆರೆದಿಟ್ಟಿದ್ದರೂ ಅದು ಬೆಂಕಿಗೆ ರೆಡಿಯಾಗಿಯೇ ಇರುತ್ತಿತ್ತು. ಈಗ ಏಪ್ರಿಲ್‌ನಲ್ಲಿ ಶೀಟಿನ ಛಾವಣಿ ಕೆಳಗೆ ಮಧ್ಯಾಹ್ನ ಹೇಗಿರುತ್ತೆ ನೀವೇ ಯೋಚಿಸಿ.

ಆವಿ ಗಾಳಿಗಿಂತ ಭಾರ. ಟೊಲ್ಯೂಯೀನ್ ಆವಿ ಗಾಳಿಗಿಂತ ಮೂರು ಪಟ್ಟು ತೂಕ. ಗ್ಯಾಸ್ ಸಿಲಿಂಡರ್ ಲೀಕ್ ಆದರೆ ಗ್ಯಾಸು ನೆಲದಲ್ಲಿ ಹರಡುತ್ತದೆ ಅಂತ ಅಡುಗೆಮನೆಯಲ್ಲಿ ಎಲ್ಲರೂ ಕೇಳಿರುತ್ತೀರಿ, ಇದೂ ಹಾಗೇ. ನೆಲಕ್ಕೆ ಇಳಿಯುತ್ತದೆ, ತಗ್ಗು ಹುಡುಕುತ್ತದೆ, ಮೆಟ್ಟಿಲು ಇಳಿಯುತ್ತದೆ, ಮೋರಿಯೊಳಗೆ ಕೂರುತ್ತದೆ. ಮೋಟರ್ ಗುಂಡಿ, ಬೇಸ್ಮೆಂಟು, ಸಂಪು ಇದ್ದರೆ ಅಲ್ಲಿ ನಿಲ್ಲುತ್ತದೆ.

ಎಷ್ಟು ಇದ್ದರೆ ಅಪಾಯ ಅನ್ನುವುದಕ್ಕೂ ಲೆಕ್ಕ ಇದೆ. ಗಾಳಿಯಲ್ಲಿ ಟೊಲ್ಯೂಯೀನ್ ಆವಿ ಸುಮಾರು 1.2 ಪರ್ಸೆಂಟ್ ಸೇರಿದರೆ ಸಾಕು, ಕಿಡಿ ತಾಕಿದರೆ ಹೊತ್ತಿಕೊಳ್ಳುತ್ತದೆ. 7 ಪರ್ಸೆಂಟ್ ದಾಟಿದರೆ ಗಾಳಿ ಸಾಲದೆ ಉರಿಯೋದಿಲ್ಲ, ಆದರೆ ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ, ಬಾಗಿಲು ತೆಗೆದರೆ ಮತ್ತೆ ಕೆಳಗಿಳಿಯುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಗೆ ನಾನು ಲೆಕ್ಕ ಹಾಕಿ ನೋಡಿದೆ. ಒಂದೂವರೆ ಲೀಟರ್ ಟೊಲ್ಯೂಯೀನ್ ಪೂರ್ತಿ ಆರಿ ಆವಿಯಾದರೆ ಇಡೀ ಕೋಣೆ ಸಿಡಿಯುವ ಮಟ್ಟಕ್ಕೆ ಬರುತ್ತದೆ. ಅದೂ ಆವಿ ಕೋಣೆ ತುಂಬ ಸಮನಾಗಿ ಹರಡಿದೆ ಅಂದುಕೊಂಡರೆ. ಅದು ನೆಲದಲ್ಲೇ ಕೂರೋದರಿಂದ ನಿಜಕ್ಕೂ ಅಷ್ಟೂ ಬೇಕಾಗೋದಿಲ್ಲ. ಒಂದು ವಾರ್ಡ್‌ರೋಬಿಗೆ ಎರಡು ಕೋಟ್ ಹೊಡೆಯಲು ನೀವು ಎಷ್ಟು ಥಿನ್ನರ್ ಕಲಸುತ್ತೀರಿ ನೋಡಿಕೊಳ್ಳಿ.

ಮೂಗನ್ನು ನಂಬಬೇಡಿ. ವಾಸನೆ ಬರುತ್ತಿಲ್ಲ ಅಂದರೆ ಆವಿ ಇಲ್ಲ ಅಂತಲ್ಲ. ಹತ್ತು ನಿಮಿಷ ಒಳಗಿದ್ದರೆ ಮೂಗಿಗೆ ಅಭ್ಯಾಸವಾಗಿ ವಾಸನೆ ಗೊತ್ತೇ ಆಗೋದಿಲ್ಲ. ಹೊರಗಿಂದ ಟೀ ತಂದವನು ಬಾಗಿಲಲ್ಲೇ "ಏನಣ್ಣ ಇಷ್ಟು ಘಾಟು" ಅಂತ ಮೂಗು ಮುಚ್ಚಿಕೊಂಡರೆ ಅವನ ಮಾತು ಕೇಳಿ, ನಿಮ್ಮ ಮೂಗಿನದ್ದಲ್ಲ.

ಕಿಡಿ ಎಲ್ಲೆಲ್ಲಿ ಇರುತ್ತೆ

ಬೀಡಿ, ಸಿಗರೇಟು, ಬೆಂಕಿಪೊಟ್ಟಣ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಹಾಗೆ ಇರುವುದನ್ನು ಹೇಳುತ್ತೇನೆ. ದೇವರ ದೀಪ, ಊದುಬತ್ತಿ, ಕರ್ಪೂರ. ಸೊಳ್ಳೆ ಬತ್ತಿ. ಸೊಳ್ಳೆ ಹೊಡೆಯುವ ಕರೆಂಟ್ ಬ್ಯಾಟು, ಅದು ಚಟಪಟ ಅನ್ನೋದೇ ಕಿಡಿ. ಟೀ ಕಾಯಿಸುವ ಸ್ಟೌ. ಫ್ರಿಜ್ಜು, ಅದು ತಾನಾಗಿ ಆನ್ ಆಫ್ ಆಗುವಾಗ ಒಳಗೆ ಸಣ್ಣ ಕಿಡಿ ಏಳಬಹುದು. ಡ್ರಿಲ್, ಸ್ಯಾಂಡರ್, ಕಟ್ಟರ್ ಇವುಗಳ ಮೋಟರ್ ಬ್ರಶ್‌ನಲ್ಲಿ ನೀಲಿ ಕಿಡಿ ಕಾಣುತ್ತಲ್ಲ, ಅದು. ಪಕ್ಕದ ಶೆಡ್ಡಿನವನು ಹೊಡೆಯುವ ವೆಲ್ಡಿಂಗ್, ಗ್ರೈಂಡಿಂಗ್. ಗ್ರೈಂಡಿಂಗ್ ಕಿಡಿ ಹತ್ತಿಪ್ಪತ್ತು ಅಡಿ ಹಾರೋದನ್ನು ನೀವೇ ನೋಡಿರುತ್ತೀರಿ. ಕಡೆಗೆ ಗೋಡೆಯ ಮೇಲಿನ ಮಾಮೂಲಿ ಸ್ವಿಚ್ಚು.

ಸ್ವಿಚ್ಚಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬೆಳಿಗ್ಗೆ ಬಂದು ಶಟರ್ ಎತ್ತಿದ ತಕ್ಷಣ ಘಾಟು ಹೊಡೆದರೆ ಲೈಟ್ ಹಾಕಬೇಡಿ, ಎಗ್ಸಾಸ್ಟ್ ಫ್ಯಾನೂ ಹಾಕಬೇಡಿ. ಘಾಟಿದೆ, ಫ್ಯಾನ್ ಹಾಕೋಣ ಅಂತಲೇ ಎಲ್ಲರ ಕೈ ಹೋಗೋದು ಅಲ್ಲಿಗೆ. ಶಟರ್ ಪೂರ್ತಿ ಎತ್ತಿ, ಕಿಟಕಿ ತೆಗೆದು, ಹೊರಗೆ ಹೋಗಿ ಒಂದು ಟೀ ಕುಡಿದು ಬನ್ನಿ. ರಾತ್ರಿ ಯಾವುದೋ ಡಬ್ಬ ಮುಚ್ಚದೆ ಹೋಗಿದ್ದೀರಿ ಅಂತ ಅರ್ಥ. ಮೊದಲು ಅದನ್ನು ಹುಡುಕಿ. ಅದೇ ರೀತಿ, ಆಗಲೇ ಆನ್ ಇರುವ ಲೈಟನ್ನು ಆಫ್ ಮಾಡಲೂ ಹೋಗಬೇಡಿ, ಆಫ್ ಮಾಡಿದರೂ ಕಿಡಿಯೇ. ಕರೆಂಟ್ ತೆಗೆಯಲೇಬೇಕು ಅಂದರೆ ಹೊರಗಿನ ಮೇನ್‌ನಲ್ಲಿ ತೆಗೆಯಿರಿ. ನಾನು ಮೇನ್ ಸ್ವಿಚ್ಚನ್ನು ಶೆಡ್ಡಿನ ಹೊರಗೋಡೆಗೆ ಹಾಕಿಸಿದ್ದೇನೆ. ಎಲೆಕ್ಟ್ರಿಷಿಯನ್ ಮಳೆ ನೀರು ಬೀಳುತ್ತೆ ಅಂತ ಗೊಣಗಿದ, ಮೇಲೊಂದು ಬಾಕ್ಸ್ ಕೂರಿಸಿದ, ಅಷ್ಟೇ.

ಸ್ಪ್ರೇ ಮಾಡುವ ಜಾಗದ ಫ್ಯಾನ್ ಮಾತ್ರ ಮಾಮೂಲಿಯದು ಆಗೋದಿಲ್ಲ. ಆವಿಯೆಲ್ಲ ಅದರ ಮೋಟರ್ ಮೇಲೇ ಹಾದು ಹೋಗುತ್ತದೆ. ಫ್ಲೇಮ್‌ಪ್ರೂಫ್ ಮೋಟರ್, ಅಂದರೆ ಒಳಗಿನ ಕಿಡಿಯ ಬೆಂಕಿ ಹೊರಗೆ ದಾಟದ ಮೋಟರ್ ಇರುವುದು ಬೇಕು, ಇಲ್ಲವೇ ಮೋಟರ್ ಹೊರಗಿದ್ದು ಬೆಲ್ಟಿನಲ್ಲಿ ರೆಕ್ಕೆ ತಿರುಗುವಂಥದ್ದು. ಬೆಲೆ ಜಾಸ್ತಿ, ನಿಜ. ಕೊಳ್ಳಲು ಆಗಲ್ಲ ಅಂದರೆ ಸ್ಪ್ರೇ ಕೆಲಸ ಮೂರು ಕಡೆ ತೆರೆದ ಜಾಗದಲ್ಲಿ ಮಾಡಿ, ಸುಮ್ನೆ ಮುಚ್ಚಿದ ಕೋಣೆಯಲ್ಲಿ ಸಾದಾ ಫ್ಯಾನ್ ಹಾಕಿಕೊಂಡು ಗಾಳಿ ಆಡುತ್ತಿದೆ ಅಂದುಕೊಳ್ಳಬೇಡಿ. ಇನ್ನೊಂದು, ನಮ್ಮಲ್ಲಿ ಎಗ್ಸಾಸ್ಟ್ ಫ್ಯಾನನ್ನು ಛಾವಣಿ ಹತ್ತಿರ ಕೂರಿಸುತ್ತಾರೆ, ಅಡುಗೆಮನೆಯಲ್ಲಿ ಇದ್ದ ಹಾಗೆ. ಹೊಗೆ ಮೇಲೆ ಹೋಗುತ್ತದೆ, ಅಲ್ಲಿಗೆ ಅದು ಸರಿ. ಥಿನ್ನರ್ ಆವಿ ಕೆಳಗೆ ಕೂರುತ್ತದೆ. ಎಳೆಯುವ ಜಾಗ ನೆಲದಿಂದ ಒಂದಡಿ ಎತ್ತರದೊಳಗೆ ಇರಬೇಕು, ಎದುರು ಗೋಡೆಯಿಂದ ಹೊಸ ಗಾಳಿ ಬರಬೇಕು.

ಎನ್‌ಸಿ ಲ್ಯಾಕರ್ ಹೊಡೆಯುವವರಿಗೆ ಒಂದು ಮಾತು. ಗೋಡೆ, ಫ್ಯಾನಿನ ರೆಕ್ಕೆ, ನೆಲದ ಮೇಲೆ ಬಿಳಿ ಪುಡಿಯ ಹಾಗೆ ಕೂರುತ್ತಲ್ಲ, ಆ ಒಣ ಲ್ಯಾಕರ್ ಕೂಡ ಭರ್ರನೆ ಉರಿಯುತ್ತದೆ, ಅದು ನೈಟ್ರೋಸೆಲ್ಯುಲೋಸ್. ಒಣಗಿದೆ, ಇನ್ನೇನು ಅಂತ ಬಿಡಬೇಡಿ. ಕಬ್ಬಿಣದ ಕೆರೆಯುವ ಪಟ್ಟಿ ಉಜ್ಜಿದರೆ ಕಿಡಿ ಬರಬಹುದು, ನೀರು ಚಿಮುಕಿಸಿ ಮರದ್ದೋ ಹಿತ್ತಾಳೆಯದೋ ಪಟ್ಟಿಯಲ್ಲಿ ಕೆರೆದು ತೆಗೆಯಿರಿ.

ಸುರಿಯುವಾಗ ಏಳುವ ಕಿಡಿ

ಇದನ್ನು ಹೇಳಿದರೆ ಬಹಳ ಜನ ನಗುತ್ತಾರೆ. ನಾನೂ ನಕ್ಕಿದ್ದೆ.

ಡಿಸೆಂಬರ್ ಜನವರಿಯ ಒಣ ಹವೆಯಲ್ಲಿ ಸ್ವೆಟರ್ ಬಿಚ್ಚಿದರೆ ಚಿಟಪಟ ಅನ್ನುತ್ತದೆ, ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲಿನ ಚಿಲಕ ಮುಟ್ಟಿದರೆ ಚುರುಕ್ ಅನ್ನುತ್ತದೆ. ಸ್ಟ್ಯಾಟಿಕ್ ಕರೆಂಟ್ ಅದು. ಟೊಲ್ಯೂಯೀನ್, ಹೆಕ್ಸೇನ್‌ನಂಥ ದ್ರವಗಳು ಪೈಪಿನಲ್ಲಿ ಹರಿದಾಗ, ಎತ್ತರದಿಂದ ಬಿದ್ದು ಚಿಮ್ಮಿದಾಗ ಇಂಥದ್ದೇ ಕರೆಂಟ್ ಹುಟ್ಟುತ್ತದೆ, ಅವುಗಳ ಮೂಲಕ ಅದು ಬೇಗ ಹರಿದು ಹೋಗೋದೂ ಇಲ್ಲ, ಒಳಗೇ ಕೂಡಿಕೊಳ್ಳುತ್ತದೆ. ಕೈಗೆ ಚುರುಕ್ ಅಂತ ಗೊತ್ತಾಗುವಷ್ಟು ಕಿಡಿ ಇದ್ದರೆ ಟೊಲ್ಯೂಯೀನ್ ಆವಿ ಹೊತ್ತಿಕೊಳ್ಳಲು ಅದು ಬೇಕಾದಷ್ಟಾಯಿತು. ಬೇಕಾಗುವುದು ಅದಕ್ಕಿಂತ ಕಡಿಮೆಯೇ.

ಹಾಗಾಗಿ ಡ್ರಮ್ಮಿನಿಂದ ಬಗ್ಗಿಸಿಕೊಳ್ಳುವಾಗ ಹೀಗೆ ಮಾಡಿ. ಡ್ರಮ್ಮಿಗೆ ಒಂದು ತಾಮ್ರದ ವೈರು ಕಟ್ಟಿ ಅರ್ಥಿಂಗ್‌ಗೆ ಕೊಡಿ. ಅದೇ ಡ್ರಮ್ಮಿನಿಂದ ಇನ್ನೊಂದು ವೈರು ಕೆಳಗಿಟ್ಟ ಕಬ್ಬಿಣದ ಡಬ್ಬಕ್ಕೆ. ಬ್ಯಾಟರಿಗೆ ಹಾಕುವ ಮೊಸಳೆ ಕ್ಲಿಪ್ಪು ಸಿಗುತ್ತಲ್ಲ, ಅದು ಸಾಕು, ಆದರೆ ಪೇಂಟಿನ ಮೇಲೆ ಕಚ್ಚಿಸಿದರೆ ಪ್ರಯೋಜನ ಇಲ್ಲ, ಸ್ವಲ್ಪ ಪೇಂಟು ಕೆರೆದು ಬರಿ ಕಬ್ಬಿಣಕ್ಕೆ ಕಚ್ಚಿಸಬೇಕು. ಕ್ಲಿಪ್ಪು ಮೊದಲು, ಮುಚ್ಚಳ ಆಮೇಲೆ. ಮುಗಿದ ಮೇಲೆ ಮುಚ್ಚಳ ಮೊದಲು, ಕ್ಲಿಪ್ಪು ಆಮೇಲೆ. ನಿಧಾನ ಸುರಿಯಿರಿ, ಪೈಪು ಡಬ್ಬದ ತಳಕ್ಕೆ ಮುಟ್ಟಿರಲಿ, ಮೇಲಿಂದ ಧಾರೆ ಬೀಳೋದು ಬೇಡ. ಪ್ಲಾಸ್ಟಿಕ್ ಬಕೆಟ್, ಪ್ಲಾಸ್ಟಿಕ್ ಮಗ್, ಪ್ಲಾಸ್ಟಿಕ್ ಲಾಳಿಕೆ ಇವು ಯಾವುದಕ್ಕೂ ವೈರು ಕಟ್ಟಿ ಉಪಯೋಗ ಇಲ್ಲ, ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಹರಿಯಲ್ಲ. ಅವನ್ನು ಬಿಟ್ಟೇಬಿಡಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೇಡ, ಹತ್ತಿ ಬಟ್ಟೆ ಹಾಕಿ. ಬೆಂಕಿ ತಾಕಿದರೆ ನೈಲಾನ್ ಕರಗಿ ಮೈಗೆ ಅಂಟುತ್ತದೆ, ಅದೊಂದು ಬೇರೆ ಕಾಟ.

ಪೈಪಿಗೆ ಬಾಯಿ ಹಾಕಿ ಎಳೆಯುವುದು ನಮ್ಮಲ್ಲಿ ಮಾಮೂಲು. ಬೈಕಿನಿಂದ ಪೆಟ್ರೋಲ್ ತೆಗೆದು ಅಭ್ಯಾಸ ಆಗಿರುತ್ತದೆ. ಒಂದು ಗುಟುಕು ಹೊಟ್ಟೆಗೆ ಹೋದರೆ ವಾಂತಿ ಆಗುತ್ತೆ ಅಷ್ಟೇ ಅಂತ ಅಂದುಕೊಂಡಿದ್ದಾರೆ. ಹೊಟ್ಟೆಗಿಂತ ಭಯ ಇರೋದು ಶ್ವಾಸಕೋಶಕ್ಕೆ. ಕೆಮ್ಮಿದಾಗ ಒಂದು ಚಮಚ ಥಿನ್ನರ್ ಅಡ್ಡದಾರಿ ಹಿಡಿದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಥರ ಆಗಿ ಪ್ರಾಣಕ್ಕೇ ಬರುತ್ತದೆ. ಡ್ರಮ್ಮಿಗೆ ಹಾಕುವ ಕೈಪಂಪು ಸಿಗುತ್ತದೆ. ಕಬ್ಬಿಣದ್ದೇ ತೆಗೆದುಕೊಳ್ಳಿ.

ಖಾಲಿ ಡ್ರಮ್ಮು ತುಂಬಿದ ಡ್ರಮ್ಮಿಗಿಂತ ಕೆಟ್ಟದ್ದು

ಇಡೀ ಬರಹದಲ್ಲಿ ಒಂದೇ ಒಂದು ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ತುಂಬಿದ ಡ್ರಮ್ಮಿನಲ್ಲಿ ಗಾಳಿಗೆ ಜಾಗ ಕಡಿಮೆ. ಖಾಲಿ ಡ್ರಮ್ಮಿನ ತುಂಬ ಗಾಳಿ, ತಳದಲ್ಲಿ ಉಳಿದ ಥಿನ್ನರ್, ಅದರ ಆವಿ. 200 ಲೀಟರ್ ಡ್ರಮ್ಮು ಬಾಂಬ್ ಆಗಲು ಎಷ್ಟು ಟೊಲ್ಯೂಯೀನ್ ಬೇಕು ಗೊತ್ತಾ? ಸುಮಾರು ಹತ್ತು ಎಂಎಲ್. ಎರಡು ಟೀ ಚಮಚ. ಬಗ್ಗಿಸಿ ಬಗ್ಗಿಸಿ ಖಾಲಿ ಮಾಡಿದ ಮೇಲೂ ತಳದ ಅಂಚಿನಲ್ಲಿ ಅದಕ್ಕಿಂತ ಜಾಸ್ತಿ ಉಳಿದಿರುತ್ತದೆ.

ಆ ಡ್ರಮ್ಮು ಗುಜರಿಗೆ ಹೋಗುತ್ತದೆ. ಅಲ್ಲಿಂದ ಒಬ್ಬರು ಕೊಂಡು ನೀರಿಗೆ, ಇನ್ನೊಬ್ಬರು ಕಸಕ್ಕೆ, ಮತ್ತೊಬ್ಬರು ತಂದೂರಿ ಒಲೆಗೆ ಅಂತ ಅರ್ಧಕ್ಕೆ ಕತ್ತರಿಸಲು ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತಾರೆ. ಗ್ಯಾಸ್ ಕಟ್ಟರ್ ತಾಕಿದ ತಕ್ಷಣ ಡ್ರಮ್ಮಿನ ಮುಚ್ಚಳದ ಕಡೆ ತಟ್ಟೆ ಹಾರಿ ಬರುತ್ತದೆ, ಎದುರಿಗೆ ಬಗ್ಗಿ ನಿಂತವನ ಮುಖಕ್ಕೆ. ಗ್ಯಾಸ್ ಕಟ್ಟರ್ ಬದಲು ಗ್ರೈಂಡರ್‌ನಲ್ಲಿ ಕತ್ತರಿಸಿದರೂ ಅಷ್ಟೇ. ಬಿಸಿಲಲ್ಲಿ ಎರಡು ದಿನ ಬೋರಲು ಹಾಕಿದ್ದೆ ಅಂದರೂ ಒಪ್ಪಬೇಡಿ. ಒಂದು ಸಲ ನೀರು ಹಾಕಿ ಕುಲುಕಿದ್ದೇನೆ ಅಂದರೂ ಒಪ್ಪಬೇಡಿ, ಟೊಲ್ಯೂಯೀನ್ ನೀರಿಗೆ ಬೆರೆಯೋದಿಲ್ಲ. 1948ರ ಕಾರ್ಖಾನೆ ಕಾಯ್ದೆಯ 37ನೇ ಸೆಕ್ಷನ್ನಿನಲ್ಲೇ ಇತ್ತು, ಬೆಂಕಿ ಹಿಡಿಯುವ ವಸ್ತು ಇದ್ದ ಡ್ರಮ್ಮು, ಟ್ಯಾಂಕಿಗೆ ವೆಲ್ಡಿಂಗ್ ಕಟ್ಟಿಂಗ್ ಮಾಡುವ ಮುಂಚೆ ಒಳಗಿನ ವಸ್ತುವನ್ನೂ ಅದರ ಆವಿಯನ್ನೂ ಪೂರ್ತಿ ತೆಗೆದಿರಬೇಕು ಅಂತ. ಹಾಗೆ ತೆಗೆಯಲು ಹಬೆ ಹಾಯಿಸಬೇಕು, ಆಮೇಲೆ ಆವಿ ಅಳೆಯುವ ಮೀಟರ್ ಇಟ್ಟು ನೋಡಬೇಕು. ರಸ್ತೆ ಬದಿ ವೆಲ್ಡಿಂಗ್ ಅಂಗಡಿಯಲ್ಲಿ ಎರಡೂ ಇರೋದಿಲ್ಲ. ಆದ್ದರಿಂದ ಥಿನ್ನರ್ ಡ್ರಮ್ಮು ಕತ್ತರಿಸಲೇಬೇಡಿ. ಖಾಲಿಯಾದದ್ದನ್ನು ಬಿರಡೆ ಬಿಗಿ ಮಾಡಿ ಮಾರಿದ ಡೀಲರ್‌ಗೇ ವಾಪಸ್ ಕೊಡಿ. ಕೆಲವರು ತೆಗೆದುಕೊಳ್ಳುತ್ತಾರೆ, ಕೇಳಿ ನೋಡಿ.

ಎಷ್ಟು ಇಡಬಹುದು, ಎಲ್ಲಿ ಇಡಬೇಕು

ಕಾನೂನು ಪ್ರಕಾರ ಫ್ಲ್ಯಾಶ್ ಪಾಯಿಂಟ್ 23 ಡಿಗ್ರಿಗಿಂತ ಕಡಿಮೆ ಇರುವ ಪೆಟ್ರೋಲಿಯಂ ಎ ಕ್ಲಾಸ್. ಟೊಲ್ಯೂಯೀನ್‌ನಂಥ ಹೈಡ್ರೋಕಾರ್ಬನ್ (ಪೆಟ್ರೋಲಿನ ಜಾತಿಯ ವಸ್ತು) ಬೆರೆತ ಮಿಶ್ರಣವೂ ಇದೇ ಲೆಕ್ಕಕ್ಕೆ ಬರುತ್ತದೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದೆ ಸ್ವಂತ ಕೆಲಸಕ್ಕೆ 30 ಲೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಅದನ್ನೂ ಲೋಹದ ಡಬ್ಬವಾದರೆ 25 ಲೀಟರ್ ಮೀರದ್ದರಲ್ಲಿ, ಗಾಜಿನದಾದರೆ ಒಂದು ಲೀಟರ್ ಮೀರದ್ದರಲ್ಲಿ, ಬಿಗಿಯಾಗಿ ಮುಚ್ಚಿ. ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಕ್ಯಾನಿನ ಹೆಸರಿಲ್ಲ ನೋಡಿ. ಒಂದು ಡ್ರಮ್ಮು ತಂದಿಟ್ಟರೆ ಮಿತಿಗಿಂತ ಆರು ಪಟ್ಟಿಗೂ ಜಾಸ್ತಿ ಆಯಿತು. ಅದಕ್ಕೆ ಪೆಸೊ, ಅಂದರೆ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಲೈಸೆನ್ಸ್ ವಿಷಯ ವಿಚಾರಿಸಬೇಕು, ಅವರ ಮುಖ್ಯ ಕಚೇರಿ ನಾಗಪುರದಲ್ಲಿದೆ. ನನ್ನ ಕೇಳಿದರೆ ಸಣ್ಣ ಶೆಡ್ಡಿಗೆ ಡ್ರಮ್ಮೇ ಬೇಡ. 20 ಲೀಟರಿನ ಒಂದು ಟಿನ್ನು ತನ್ನಿ, ಮುಗಿದಾಗ ಇನ್ನೊಂದು. ಡ್ರಮ್ಮಿನ ರೇಟಲ್ಲಿ ಉಳಿಯುವ ದುಡ್ಡು ಚಪಲ ಅಷ್ಟೇ.

ಬೆಂಗಳೂರಿನವರಿಗೆ ಮೈಸೂರು ರಸ್ತೆಯ ಹೊಸಗುಡ್ಡದಹಳ್ಳಿ ನೆನಪಿರಬಹುದು. 2020ರ ನವೆಂಬರ್ 10ರಂದು ಅಲ್ಲಿನ ಕೆಮಿಕಲ್ ಗೋದಾಮಿಗೆ ಬೆಂಕಿ ಬಿದ್ದು ಡ್ರಮ್ಮುಗಳು ಒಂದರ ಹಿಂದೆ ಒಂದು ಸಿಡಿದವು. ಸುತ್ತ ಮನೆಗಳು, ರಸ್ತೆಯಲ್ಲಿ ನಿಂತ ಗಾಡಿಗಳು. ಮನೆಗಳ ಮಧ್ಯೆ ಥಿನ್ನರ್‌ನಂಥ ಸಾಲ್ವೆಂಟ್ ಇಟ್ಟರೆ ಏನಾಗುತ್ತೆ ಅಂತ ಅವತ್ತು ಟಿವಿಯಲ್ಲಿ ಎಲ್ಲರೂ ನೋಡಿದೆವು.

ಟಿನ್ನು ಇಡುವ ಜಾಗ ನೆರಳಾಗಿರಲಿ, ತಂಪಾಗಿರಲಿ, ಗಾಳಿಯಾಡಲಿ. ಮೆಟ್ಟಿಲ ಕೆಳಗೆ ಬೇಡ, ಬೆಂಕಿ ಬಿದ್ದರೆ ಇಳಿಯುವ ದಾರಿಯೇ ಹೋಗುತ್ತದೆ. ಒಂದೇ ಬಾಗಿಲಿದ್ದರೆ ಬಾಗಿಲ ಹತ್ತಿರವೂ ಬೇಡ. ಇನ್ವರ್ಟರ್ ಬ್ಯಾಟರಿ, ಬ್ಲೀಚಿಂಗ್ ಪುಡಿ, ಪಿಯು (ಪಾಲಿಯುರೆಥೇನ್) ಪಾಲಿಶ್‌ಗೆ ಬೆರೆಸುವ ಹಾರ್ಡನರ್ ಇವುಗಳ ಪಕ್ಕ ಬೇಡ. ಬಿಸಿಗೆ ಟಿನ್ನು ಉಬ್ಬಿದ್ದರೆ ಮುಚ್ಚಳವನ್ನು ಸ್ವಲ್ಪ ಸಡಿಲ ಮಾಡಿ ಉಸ್ ಅಂತ ಗಾಳಿ ಹೋಗಲು ಬಿಟ್ಟು ಆಮೇಲೆ ತೆಗೆಯಿರಿ, ಮುಖ ಮೇಲಿಟ್ಟುಕೊಂಡು ತೆಗೆಯಬೇಡಿ. ಮಿಕ್ಕಿದ ಅರ್ಧ ಲೀಟರನ್ನು ಕೂಲ್‌ಡ್ರಿಂಕ್ ಬಾಟಲಿಗೆ, ನೀರಿನ ಬಾಟಲಿಗೆ ತುಂಬಿಡುವವರಿಗೆ ಏನು ಹೇಳಬೇಕೋ ಗೊತ್ತಿಲ್ಲ. ಥಿನ್ನರ್ ನೋಡಲು ನೀರಿನ ಥರವೇ ಇರುತ್ತದೆ. ಬಾಯಾರಿದವನು, ಮನೆಗೆ ಬಂದ ಮಗು, ಯಾರು ಬೇಕಾದರೂ ಎತ್ತಬಹುದು.

ವೇಸ್ಟ್ ಬಟ್ಟೆಗೆ ಮುಚ್ಚಳ ಇರುವ ಕಬ್ಬಿಣದ ಡಬ್ಬ ಇಡಿ, ದಿನಾ ಸಂಜೆ ಖಾಲಿ ಮಾಡಿ. ಫ್ರೆಂಚ್ ಪಾಲಿಶ್, ಎಣ್ಣೆ ಪಾಲಿಶ್ ಮಾಡುವವರು ಇದನ್ನು ಇನ್ನೂ ಜಾಗ್ರತೆಯಿಂದ ಮಾಡಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ಒಣಗುತ್ತಾ ಒಳಗೊಳಗೇ ಬಿಸಿಯಾಗುತ್ತದೆ, ಯಾರೂ ಕಡ್ಡಿ ಗೀರದೆ ತಾನಾಗಿ ಹೊತ್ತಿಕೊಳ್ಳುತ್ತದೆ. ರಾತ್ರಿ ಬೀಗ ಹಾಕಿ ಹೋದ ಮೇಲೆ ಬೆಂಕಿ ಬಿದ್ದರೆ ಎಲ್ಲರೂ ಶಾರ್ಟ್ ಸರ್ಕ್ಯೂಟ್ ಅಂದುಬಿಡುತ್ತಾರೆ. ಆ ಬಟ್ಟೆಯನ್ನು ನೀರಲ್ಲಿ ಮುಳುಗಿಸಿಡಿ, ಇಲ್ಲವೇ ಹೊರಗೆ ಹಗ್ಗದ ಮೇಲೆ ಒಂದೊಂದಾಗಿ ಹರವಿ ಒಣಗಿಸಿ.

ಉಳಿದ ಕೊಳಕು ಥಿನ್ನರ್ ಮೋರಿಗೆ ಚೆಲ್ಲಬೇಡಿ. 1981ರ ಫೆಬ್ರವರಿ 13ರಂದು ಅಮೆರಿಕದ ಲೂಯಿವಿಲ್ ಊರಿನಲ್ಲಿ ಸೋಯಾ ಎಣ್ಣೆ ತೆಗೆಯುವ ಕಾರ್ಖಾನೆಯಿಂದ ಹೆಕ್ಸೇನ್ ಒಳಚರಂಡಿಗೆ ಸೇರಿ, ಮೇಲೆ ಹೋಗುತ್ತಿದ್ದ ಒಂದು ಕಾರಿನ ಕಿಡಿಗೆ ಬೀದಿಗಳೇ ಸಿಡಿದು ಬಾಯಿ ಬಿಟ್ಟಿದ್ದವು. ಬೆಳಗಿನ ಜಾವ ಆದ್ದರಿಂದ ಯಾರೂ ಸಾಯಲಿಲ್ಲ. ಕೊಳಕು ಥಿನ್ನರ್ ಒಂದು ಟಿನ್ನಿನಲ್ಲಿ ಎರಡು ದಿನ ಬಿಟ್ಟರೆ ಮಡ್ಡಿ ಕೆಳಗಿಳಿಯುತ್ತದೆ, ಮೇಲಿನದು ಸ್ಪ್ರೇ ಗನ್ ತೊಳೆಯಲು ಮತ್ತೆ ಬರುತ್ತದೆ. ಮಡ್ಡಿಯನ್ನು ಮುಚ್ಚಿಟ್ಟು ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ನೆಲಕ್ಕೆ ಚೆಲ್ಲಿದರೆ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ತೆಗೆಯಿರಿ, ಒಣ ಮರಳು ಹಾಕಿ. ಮರದ ಹೊಟ್ಟು ಕೈಗೆ ಸಿಗುತ್ತೆ ಅಂತ ಹಾಕಬೇಡಿ, ಅದು ಸೌದೆ.

ಮೈಗೆ, ತಲೆಗೆ

ಸಂಜೆ ತಲೆನೋವು, ಒಂಥರಾ ಅಮಲು, ಊಟ ಸೇರದೆ ಇರೋದು, ಇದೆಲ್ಲ ಈ ಕೆಲಸದಲ್ಲಿ ಇದ್ದದ್ದೇ ಅಂತ ಹಳೇ ಮೇಸ್ತ್ರಿಗಳು ಹೇಳುತ್ತಾರೆ. ಇದ್ದದ್ದೇ ಅಲ್ಲ. ಅದು ಟೊಲ್ಯೂಯೀನ್ ತಲೆಗೆ ಹತ್ತಿದ್ದು. ವರ್ಷಗಟ್ಟಲೆ ಹೀಗಾದರೆ ಮೆದುಳಿಗೆ, ಕಿವಿಗೆ ಪೆಟ್ಟು. ಬಸುರಿ ಹೆಂಗಸರು ಈ ಗಾಳಿಯಲ್ಲಿ ಇರಲೇಬಾರದು. ಮೂಗಿಗೆ ಕರ್ಚೀಫು, ಸರ್ಜಿಕಲ್ ಮಾಸ್ಕು, ಎನ್95 ಇವು ಧೂಳಿಗೆ ಸರಿ, ಆವಿಗೆ ಏನೂ ತಡೆಯಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ರಬ್ಬರ್ ಮಾಸ್ಕ್ ಕೇಳಿ ತೆಗೆದುಕೊಳ್ಳಿ. ಒಳಗಿರೋದು ಇದ್ದಿಲು. ತೆರೆದಿಟ್ಟರೆ ಸುಮ್ಮನಿದ್ದಾಗಲೂ ಆವಿ ಹೀರುತ್ತದೆ, ಜಿಪ್ ಕವರಿನಲ್ಲಿ ಮುಚ್ಚಿಡಿ. ಮಾಸ್ಕಿನೊಳಗೆ ವಾಸನೆ ಬಂದರೆ ಅದರ ಕಾಲ ಮುಗಿದು ಆಗಲೇ ತಡವಾಗಿದೆ, ಅದಕ್ಕೂ ಮುಂಚೆಯೇ ಬದಲಿಸಿ. ಗಡ್ಡ ಬಿಟ್ಟಿದ್ದರೆ ಮಾಸ್ಕ್ ಸರಿಯಾಗಿ ಕೂರೋದಿಲ್ಲ, ಇದನ್ನು ನಮ್ಮ ಹುಡುಗರಿಗೆ ಹೇಳಿ ಸಾಕಾಗಿದೆ.

ಕೆಲಸ ಮುಗಿಸಿ ಥಿನ್ನರ್‌ನಲ್ಲೇ ಕೈ ತೊಳೆಯೋದನ್ನು ಬಿಡಿ. ಚರ್ಮದ ಜಿಡ್ಡೆಲ್ಲ ಹೋಗಿ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಉಳಿದ ಕೆಮಿಕಲ್ ಒಳಗಿಳಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ, ಪಾಲಿಶ್ ಬಿಡುತ್ತದೆ, ಆಮೇಲೆ ಸೋಪು. ತೆಳ್ಳಗಿನ ರಬ್ಬರ್ ಗ್ಲೌಸು ಥಿನ್ನರ್‌ಗೆ ಊದಿಕೊಂಡು ಮೆತ್ತಗಾಗುತ್ತದೆ. ನೈಟ್ರೈಲ್ ಗ್ಲೌಸು ಪರವಾಗಿಲ್ಲ, ಅದೂ ಒಂದೆರಡು ಹನಿ ಸಿಡಿದರೆ ತಡೆಯಲು ಮಾತ್ರ. ಒದ್ದೆಯಾದರೆ ಬಿಚ್ಚಿ ಹೊಸದು ಹಾಕಿ.

ನಮ್ಮಲ್ಲಿ ಪಾಲಿಶ್ ಹುಡುಗರು ಬಹಳ ಮಂದಿ ಉತ್ತರದ ಕಡೆಯವರು. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬೋರ್ಡ್ ಬರೆಸಿದರೆ ಅವರಿಗೆ ಗೋಡೆ ಅಷ್ಟೇ. ಹಿಂದಿಯಲ್ಲೂ ಬರೆಸಿ, ಅದಕ್ಕಿಂತ ಒಂದು ಸಲ ಬಾಯಲ್ಲಿ ಹೇಳಿ, ಮಾಡಿ ತೋರಿಸಿ.

ಹತ್ತಿಕೊಂಡೇಬಿಟ್ಟರೆ

ಡಬ್ಬದಲ್ಲಿ ಬೆಂಕಿ ಕಂಡರೆ ಎಲ್ಲರೂ ಮಾಡುವ ತಪ್ಪು ಒಂದೇ, ಉರಿಯುವ ಡಬ್ಬ ಎತ್ತಿಕೊಂಡು ಹೊರಗೆ ಓಡೋದು. ಕೈ ಸುಡುತ್ತದೆ, ಡಬ್ಬ ಅಲ್ಲಾಡುತ್ತದೆ, ಮೈ ಮೇಲೇ ಚೆಲ್ಲುತ್ತದೆ. ಮುಟ್ಟಬೇಡಿ. ಸಣ್ಣದಾದರೆ ಪಕ್ಕದಿಂದ ತಟ್ಟೆಯನ್ನೋ ಪ್ಲೈವುಡ್ ತುಂಡನ್ನೋ ಜಾರಿಸಿ ಮುಚ್ಚಿ, ಗಾಳಿ ಸಿಗದೆ ಆರುತ್ತದೆ. ತಣ್ಣಗಾಗುವ ತನಕ ತೆಗೆದು ನೋಡಬೇಡಿ. ನೀರು ಎರಚಬೇಡಿ. ಟೊಲ್ಯೂಯೀನ್ ನೀರಿಗಿಂತ ಹಗುರ, ನೀರಿನ ಮೇಲೆ ತೇಲಿಕೊಂಡು ಉರಿಯುತ್ತಾ ಇನ್ನೊಂದು ಮೂಲೆಗೂ ಹೋಗುತ್ತದೆ.

ಬೆಂಕಿ ಆರಿಸುವ ಸಿಲಿಂಡರ್ ಎಬಿಸಿ ಪೌಡರ್‌ದು ಇಟ್ಟುಕೊಳ್ಳಿ, ಕನಿಷ್ಠ ಆರು ಕೆಜಿ. ಬಾಗಿಲ ಪಕ್ಕ ನೇತುಹಾಕಿ, ಒಳಮೂಲೆಯಲ್ಲಿ ಅಲ್ಲ. ಬೆಂಕಿಯನ್ನು ದಾಟಿ ಹೋಗಿ ತರಲು ಆಗಲ್ಲ. ಪಿನ್ ಎಳೆದು, ಬೆನ್ನ ಹಿಂದೆ ಬಾಗಿಲು ಇರುವ ಹಾಗೆ ನಿಂತು, ಬೆಂಕಿಯ ಬುಡಕ್ಕೆ ಗುರಿಯಿಟ್ಟು ಅತ್ತಿಂದಿತ್ತ ಬೀಸಿ. ಕೆಲವೇ ಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಅಷ್ಟರಲ್ಲಿ ಆರದಿದ್ದರೆ ಅದು ನಿಮ್ಮ ಕೈ ಮೀರಿದ್ದು, ಹೊರಗೆ ಓಡಿ, 112ಕ್ಕೋ 101ಕ್ಕೋ ಫೋನ್ ಮಾಡಿ. ಫೈರ್‌ನವರಿಗೆ ಒಳಗೆ ಎಷ್ಟು ಲೀಟರ್ ಇದೆ, ಎಲ್ಲಿದೆ, ಗ್ಯಾಸ್ ಸಿಲಿಂಡರ್ ಇದೆಯಾ ಅನ್ನೋದನ್ನು ಮುಚ್ಚುಮರೆ ಇಲ್ಲದೆ ಹೇಳಿ. ಲೈಸೆನ್ಸ್ ಇಲ್ಲ ಅಂತ ಹೆದರಿ ಕಡಿಮೆ ಹೇಳಿದರೆ ಒಳಗೆ ಹೋಗೋದು ಅವರು.

ಬಟ್ಟೆಗೆ ಹತ್ತಿದರೆ ಓಡಬಾರದು, ನೆಲಕ್ಕೆ ಬಿದ್ದು ಉರುಳಬೇಕು. ಸುಟ್ಟ ಜಾಗಕ್ಕೆ ನಲ್ಲಿ ನೀರು ಇಪ್ಪತ್ತು ನಿಮಿಷ ಬಿಡಿ, ಐಸು, ಟೂತ್‌ಪೇಸ್ಟು, ಇಂಕು ಯಾವುದೂ ಬೇಡ. ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ ಹಿಡಿದು ಹದಿನೈದು ನಿಮಿಷ ನೀರು. ಒಳಗೆ ತಲೆ ಸುತ್ತಿ ಬಿದ್ದವನನ್ನು ಎತ್ತಲು ಉಸಿರು ಕಟ್ಟಿಕೊಂಡು ನುಗ್ಗಬೇಡಿ, ಮೊದಲು ಬಾಗಿಲು ಕಿಟಕಿ ತೆಗೆದು ಗಾಳಿಯಾಡಿಸಿ, ಇಲ್ಲದಿದ್ದರೆ ಬೀಳೋದು ಇಬ್ಬರು. ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ವಾಂತಿಯಲ್ಲೇ ಅದು ಶ್ವಾಸಕೋಶಕ್ಕೆ ಹೋಗೋದು. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೋಗುವಾಗ ಡಬ್ಬದ ಲೇಬಲ್ಲಿನ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಒಳಗೆ ಹೋಗಿರುವುದು ಟೊಲ್ಯೂಯೀನಾ ಮೆಥನಾಲಾ ಅನ್ನೋದು ಡಾಕ್ಟರಿಗೆ ಗೊತ್ತಾಗಬೇಕು, ಎರಡಕ್ಕೂ ಕೊಡುವ ಚಿಕಿತ್ಸೆ ಬೇರೆ.